ಹೊಲಿಗೆಯ ಕೆಳಗಿನ ಗೆರೆ

ಗೆರೆಯಕ್ಕನ ಮನೆಯಲ್ಲಿ ಸ್ನಾನದ ಸೋಪು ಸವೆದು ತೆಳ್ಳಗಾದ ಮೇಲೆ ಅದನ್ನು ಎಸೆಯುವ ಹಕ್ಕು ಯಾರಿಗೂ ಇರಲಿಲ್ಲ. ಬಚ್ಚಲುಮನೆಯ ಗೂಡಿನಲ್ಲಿ ಒಂದು ಚಪ್ಪಟೆ ಡಬ್ಬಿ ಇತ್ತು. ಸೋಪಿನ ಚೂರು ಅದರೊಳಗೆ ಬೀಳಬೇಕು, ಒಣಗಬೇಕು, ಗಟ್ಟಿಯಾಗಬೇಕು, ಆಮೇಲೆ ಗೆರೆಯಕ್ಕನ ಕೈ ಸೇರಿ ಬಣ್ಣದ ಬಟ್ಟೆಯ ಮೇಲೆ ಬಿಳಿ ಗೆರೆಯಾಗಬೇಕು. ನೆಂಟರ ಮನೆಗೆ ಹೋದರೂ ಅವಳು ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲು ಹೊಕ್ಕು, ಬರುವಾಗ ಕರವಸ್ತ್ರದಲ್ಲಿ ಒಂದೆರಡು ಚೂರು ಕಟ್ಟಿಕೊಂಡೇ ಬರುತ್ತಿದ್ದಳು. "ಬೇರೆ ಮನೆ ಸೊಸೆಯರು ತವರಿಂದ ಬಂಗಾರ ತರ್ತಾರೆ. ನಮ್ಮನೆಯವಳು ಊರವರ ಬಚ್ಚಲಿಂದ ಸೋಪು ತರ್ತಾಳೆ" ಎಂದು ಅತ್ತೆ ಹೇಳುತ್ತಿದ್ದರು. ಅದು ಬೈಗುಳವೋ ಹೊಗಳಿಕೆಯೋ ಗೆರೆಯಕ್ಕನಿಗೆ ಕೊನೆಗೂ ತಿಳಿಯಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡಿದ್ದಳು, ಯಾಕೆಂದರೆ ಆ ಮನೆಯಲ್ಲಿ ಅವಳ ಪಾಲಿಗೆ ಹೊಗಳಿಕೆ ಅಷ್ಟು ಧಾರಾಳವಾಗಿ ಬೀಳುತ್ತಿರಲಿಲ್ಲ.

ಆ ಮನೆಯವರ ಕಸುಬು ಕೌದಿ ಹೊಲಿಯುವುದು. ಕೆಳಗೆ ಬಟ್ಟೆಗೆ ಬಣ್ಣ ಹಾಕುವವನ ಅಂಗಡಿ, ಅದರ ಮೇಲೆ ಇವರ ಮನೆ, ಮನೆಯ ಮೇಲೆ ತಾರಸಿ. ಬೀದಿ ಕಡೆಯ ಕೋಣೆಯಲ್ಲಿ ಒಂದು ಉದ್ದನೆಯ ಮೇಜು. ಅಲ್ಲಿ ಗೆರೆಯಕ್ಕನ ಕೆಲಸ. ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಮರದ ದೊಡ್ಡ ಚೌಕಟ್ಟು. ಅಲ್ಲಿ ಅವಳ ಓರಗಿತ್ತಿಯ ಕೆಲಸ. ಈ ಓರಗಿತ್ತಿ ಮೈದುನನ ಕೈ ಹಿಡಿದು ಬಂದ ದಿನದಿಂದ ಎಲ್ಲರ ಬಾಯಲ್ಲೂ ಚಿಕ್ಕವಳು. ಈಗ ಅವಳ ಕೂದಲು ನೆರೆಯತೊಡಗಿದ್ದರೂ ಚಿಕ್ಕವಳೇ. ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಎರಡೂ ಕಡೆಗೆ ಒಂದೊಂದು ಕಿವಿ ಕೊಟ್ಟುಕೊಂಡು ಕೂತಿರುತ್ತಿದ್ದವರು ಅತ್ತೆ.

ಕೌದಿ ಎಂದರೆ ಮೂರು ಪದರ. ಮೇಲೆ ಚೆಂದದ ಬಟ್ಟೆ, ನಡುವೆ ಹತ್ತಿ, ಕೆಳಗೆ ಅಸ್ತರು. ಈ ಮೂರನ್ನೂ ಒಂದಾಗಿ ಹಿಡಿಯುವುದು ಹೊಲಿಗೆ. ಆದರೆ ಸೂಜಿಗೆ ಕಣ್ಣಿದ್ದರೂ ದಾರಿ ಕಾಣುವುದಿಲ್ಲವಲ್ಲ, ಅದಕ್ಕೆ ಮೊದಲು ದಾರಿ ಬರೆದುಕೊಡಬೇಕು. ಅದೇ ಗೆರೆಯಕ್ಕನ ಕಸುಬು. ಗಾಢ ಬಣ್ಣದ ಬಟ್ಟೆಯಾದರೆ ಸೋಪಿನ ಚೂರು. ನೇರ ಗೆರೆಯಾದರೆ ದಾರಕ್ಕೆ ಸೀಮೆಸುಣ್ಣ ಉಜ್ಜಿ, ಎರಡು ತುದಿ ಬಿಗಿಹಿಡಿದು, ನಡುವೆ ಎತ್ತಿ ಛಟ್ಟನೆ ಬಿಟ್ಟರೆ ಆಯಿತು. ಒಂದೇ ಬಳ್ಳಿ ಹತ್ತು ಕಡೆ ಬರಬೇಕಾದರೆ ಕಾಗದದ ಮೇಲೆ ಬಳ್ಳಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಸುಣ್ಣದ ಪುಡಿ ಕಟ್ಟಿದ ಗಂಟಿನಿಂದ ತಟ್ಟುತ್ತ ಹೋಗುವುದು; ಕಾಗದ ಎತ್ತಿದರೆ ಕೆಳಗೆ ಚುಕ್ಕಿಚುಕ್ಕಿಯಾಗಿ ಬಳ್ಳಿ ಮೂಡಿರುತ್ತಿತ್ತು. ತಿಳಿ ಬಣ್ಣದ ಬಟ್ಟೆಗೆ ಮಾತ್ರ ದರ್ಜಿಗಳ ಕಾರ್ಬನ್. ಅದು ಪುಡಿಪುಡಿಯಾದ ಕಾರ್ಬನ್, ನೀರು ಕಂಡರೆ ಬಿಟ್ಟುಹೋಗುತ್ತದೆ. ಗೆರೆ ಹೊಲಿಗೆ ಮುಗಿಯುವ ತನಕ ಇರಬೇಕು, ತೊಳೆದ ಮೇಲೆ ಇರಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ.

ಗೆರೆಯಕ್ಕನ ಹೊಟ್ಟೆಯಲ್ಲಿ ಉರಿ ಹುಟ್ಟಿದ್ದು ಈ ಅಪ್ಪಣೆಯಿಂದಲೇ. ಅವಳ ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಕಾಗದಕ್ಕೆ ತೂತು ಚುಚ್ಚಿ ಪುಡಿ ತಟ್ಟುವುದನ್ನು ಅವಳು ಕಲಿತದ್ದು ಅವನಿಂದ. ಆದರೆ ಅಪ್ಪ ಪುಡಿಯ ಚುಕ್ಕಿಯ ಮೇಲೆ ತಾನೇ ಬಣ್ಣ ಎಳೆಯುತ್ತಿದ್ದ. ಅವನು ಬರೆದ ಅಕ್ಷರಗಳು ಅವನು ಸತ್ತ ಮೇಲೂ ಬಿಸಿಲು ಮಳೆಗೆ ಅಂಜದೆ ಬೀದಿಯಲ್ಲಿ ನಿಂತಿದ್ದವು. ಮಗಳ ಪಾಲಿಗೆ ಬಂದದ್ದು ಬರೆದು ಅಳಿಸುವ ಕೆಲಸ. ದಿನಗಟ್ಟಲೆ ಬಗ್ಗಿ, ಸೊಂಟ ಹಿಡಿದುಕೊಂಡು ಬರೆದದ್ದು ಒಂದು ಬಕೆಟ್ ನೀರಿಗೆ ಹೋಗಿಬಿಡುತ್ತಿತ್ತು. ಉಳಿಯುತ್ತಿದ್ದದ್ದು ಚಿಕ್ಕವಳ ಹೊಲಿಗೆ.

ಬಂದವರು ಹೊಗಳುತ್ತಿದ್ದದ್ದೂ ಅದನ್ನೇ. "ಅಬ್ಬಾ, ಏನು ಕೈಯಮ್ಮ ನಿಂದು! ಬಳ್ಳಿ ಬೆಳೆದು ಬಂದ ಹಾಗಿದೆ" ಎಂದು ಚಿಕ್ಕವಳ ಕೈ ಹಿಡಿದು ನೋಡುತ್ತಿದ್ದರು. ಬಳ್ಳಿ ಎಲ್ಲಿಂದ ಬೆಳೆದು ಬಂತು ಎಂದು ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಗೆರೆಯಕ್ಕ ಅಲ್ಲೇ ನಿಂತಿದ್ದರೆ, "ಟೀ ಮಾಡಿಕೊಂಡು ಬರ್ತೀಯೇನಮ್ಮಾ?" ಎನ್ನುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರು ಒಬ್ಬಳ ಕೈಗೆ, ಮೊಸರು ಇನ್ನೊಬ್ಬಳ ಬಾಯಿಗೆ.

ಚಿಕ್ಕವಳು ಜಗಳಗಂಟಿಯಾಗಿದ್ದರೆ ಬದುಕು ಸಲೀಸಾಗುತ್ತಿತ್ತು. ಬೈದು ಬೈಸಿಕೊಂಡು ಹಗುರಾಗಬಹುದಿತ್ತು. ಆದರೆ ಆ ಹೆಣ್ಣು ಹೊಗಳಿಸಿಕೊಂಡಾಗಲೆಲ್ಲ, "ನಂದೇನಿದೆ, ಅಕ್ಕ ಗೆರೆ ಹಾಕ್ತಾರೆ, ನಾನು ಅದರ ಮೇಲೆ ಹೋಗ್ತೀನಿ ಅಷ್ಟೆ" ಎಂದುಬಿಡುತ್ತಿದ್ದಳು. ಕೇಳಿದವರು, "ನೋಡಿ, ಎಷ್ಟು ವಿನಯ!" ಎಂದು ಇನ್ನೂ ನಾಲ್ಕು ಮಾತು ಜಾಸ್ತಿ ಹೊಗಳುತ್ತಿದ್ದರು. ಬೆಂಕಿಗೆ ತುಪ್ಪ ಸುರಿದ ಹಾಗೆ. ಚಿಕ್ಕವಳು ನಕ್ಕರೆ ಗೆರೆಯಕ್ಕನಿಗೆ ಅದು ಜಂಬವಾಗಿ ಕಾಣುತ್ತಿತ್ತು, ಸುಮ್ಮನಿದ್ದರೆ ಇನ್ನೂ ದೊಡ್ಡ ಜಂಬವಾಗಿ ಕಾಣುತ್ತಿತ್ತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಹಾಗೆಂದು ಗೆರೆಯಕ್ಕ ಕೆಟ್ಟವಳಲ್ಲ. ಚಿಕ್ಕವಳ ಬಾಣಂತನ ಮಾಡಿದವಳು ಅವಳೇ. ಅವಳ ಮಕ್ಕಳಿಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಎತ್ತಿಕೊಂಡು ಓಡುತ್ತಿದ್ದವಳೂ ಅವಳೇ. ಒಂದು ವಿಷಯದಲ್ಲಿ ಮಾತ್ರ ಮನಸ್ಸು ಕಲ್ಲು: ಚಿಕ್ಕವಳು ಹೊಲಿಗೆಗೆ ಕೂತಾಗ ಅವಳು ಹಿಂದಿನ ಕೋಣೆಗೆ ಕಾಲಿಡುತ್ತಿರಲಿಲ್ಲ. ಗೆರೆ ಹಾಕಿದ ಬಟ್ಟೆಯನ್ನು ಸುರುಳಿ ಸುತ್ತಿ, ಬಾಗಿಲಲ್ಲಿ ಅತ್ತೆಯ ಮಡಿಲಿಗೆ ಹಾಕಿ ಹಿಂತಿರುಗಿಬಿಡುತ್ತಿದ್ದಳು. ಚೌಕಟ್ಟಿನ ಮುಂದೆ ಆ ತಲೆ ಬಗ್ಗಿರುವುದನ್ನು, ಆ ಸೂಜಿ ತನ್ನ ಗೆರೆಯನ್ನು ನುಂಗುತ್ತ ಹೋಗುವುದನ್ನು ನೋಡುವುದು ಅವಳಿಂದ ಆಗುತ್ತಿರಲಿಲ್ಲ. ಕೌದಿ ತೊಳೆದು ತಾರಸಿಯ ಹಗ್ಗಕ್ಕೆ ಬಿದ್ದ ಮೇಲಷ್ಟೇ ದೂರದಿಂದ ನೋಡುತ್ತಿದ್ದಳು. ನೋಡಿ, ತನ್ನಷ್ಟಕ್ಕೆ, "ಹೂಂ, ಗೆರೆ ಹಾಗಿತ್ತು, ಅದಕ್ಕೇ ಹೊಲಿಗೆ ಹೀಗಿದೆ" ಎಂದುಕೊಳ್ಳುತ್ತಿದ್ದಳು.

ಇತ್ತೀಚೆಗೆ ಅವಳಿಗೆ ಇನ್ನೊಂದು ಗೊಣಗಾಟ ಶುರುವಾಗಿತ್ತು. ಈಗಿನ ಬಲ್ಬುಗಳಲ್ಲಿ ಬೆಳಕೇ ಇಲ್ಲ. ಈಗಿನ ಪೆನ್ಸಿಲ್ಲುಗಳಲ್ಲಿ ಸೀಸವೇ ಇಲ್ಲ. ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆಸಿದಳು. ಆಮೇಲೆ ಕಿಟಕಿಯ ಗಾಜು ಕೊಳಕು ಎಂದಳು. ಹೊಸ ನಕ್ಷೆ ಬರೆಯುವ ಗೋಜಿಗೆ ಹೋಗದೆ ಹಳೆಯ ಕಾಗದದ ಸುರುಳಿಗಳನ್ನೇ ಬಿಚ್ಚಿ ಬಳಸತೊಡಗಿದಳು. "ಕಣ್ಣು ತೋರಿಸ್ಕೊಂಡು ಬಾರೇ" ಎಂದು ಗಂಡ ಒಮ್ಮೆ ಹೇಳಿದ. "ಎಪ್ಪತ್ತು ದಾಟಿದ ನಿಮ್ಮಮ್ಮ ಕನ್ನಡಕ ಇಲ್ದೆ ಸೂಜಿಗೆ ದಾರ ಪೋಣಿಸ್ತಾರೆ, ನಂಗೆ ಕನ್ನಡಕ ಬೇಕಾ?" ಎಂದು ಅವನ ಬಾಯಿ ಮುಚ್ಚಿಸಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆ ಅವಳಿಗೂ ಗೊತ್ತಿತ್ತು, ಆದರೆ ಗಾದೆಗಳನ್ನೆಲ್ಲ ನಾವು ಬೇರೆಯವರಿಗಾಗಿ ಇಟ್ಟುಕೊಂಡಿರುತ್ತೇವೆ.

ಹೀಗಿರುವಾಗ ಒಂದು ದಿನ ಹೊಲಿಗೆ ಶಾಲೆಯ ಮುಖ್ಯ ಟೀಚರ್ ಮೆಟ್ಟಿಲು ಹತ್ತಿ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ಶಾಲೆಯ ದೊಡ್ಡ ಕೋಣೆಯ ಗೋಡೆಗೆ ಹಾಕಲು ಒಂದು ಕೌದಿ ಬೇಕು. ತುಂಡು ಬಟ್ಟೆಯದ್ದಲ್ಲ, ಇಡೀ ಒಂದೇ ಕೆನೆ ಬಣ್ಣದ ಬಟ್ಟೆ, ಬಿಳಿ ದಾರ. ನಡುವೆ ಗರಿಗಳ ದುಂಡು ಮಾಲೆ, ಅಂಚಿನಲ್ಲಿ ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ತಿಳಿಯದ ಹಾಗೆ ಸುತ್ತಿಬರುವ ಬಳ್ಳಿ. ಬಣ್ಣದ ಆಟವೇ ಇಲ್ಲದ ಇಂಥ ಕೌದಿಯಲ್ಲಿ ಚೆಂದವೆಲ್ಲ ಗೆರೆಯದ್ದೇ. ಗೆರೆಯಕ್ಕನ ಎದೆ ಉಬ್ಬಿತು.

"ಕೌದಿ ಕೆಳಗೆ ಮಾಡಿದವರ ಹೆಸರು ಬರೆಸಿ ಹಾಕ್ತೀನಿ. ಯಾರು ಮಾಡ್ತಾರೆ?" ಎಂದು ಟೀಚರ್ ಕೇಳಿದರು.

ಅತ್ತೆ ರೆಪ್ಪೆ ಸಹ ಬಡಿಯದೆ, "ಇನ್ಯಾರು, ನಮ್ಮ ಚಿಕ್ಕವಳು" ಎಂದರು.

ಗೆರೆಯಕ್ಕ ಟೀ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಚಿಕ್ಕವಳು, "ಅತ್ತೇ, ಅಕ್ಕಂದೂ..." ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಕೆಳಗಡೆ ಬಣ್ಣದವನ ಅಂಗಡಿಯಲ್ಲಿ ಏನೋ ಧಡಾರನೆ ಬಿತ್ತು, ಎಲ್ಲರೂ ಕಿಟಕಿಗೆ ಹೋದರು, ಮಾತು ಅಲ್ಲೇ ನಿಂತಿತು. ಗೆರೆಯಕ್ಕನಿಗೆ ಮಾತ್ರ ನಿಲ್ಲಲಿಲ್ಲ. ಆ ದಿನ ಅವಳಿಗೆ ಊಟ ಸೇರಲಿಲ್ಲ. ಗೋಡೆ, ಗೋಡೆಯ ಮೇಲೆ ತನ್ನ ಬಳ್ಳಿ, ಕೆಳಗೆ ಚಿಕ್ಕವಳ ಹೆಸರು. ವರ್ಷವರ್ಷವೂ ಬರುವ ಹುಡುಗಿಯರೆಲ್ಲ ಆ ಹೆಸರನ್ನು ಓದುತ್ತಾರೆ. ಅಪ್ಪನ ಅಕ್ಷರಗಳು ಬೀದಿಯಲ್ಲಿವೆ, ಓರಗಿತ್ತಿಯ ಹೆಸರು ಗೋಡೆಯ ಮೇಲೆ ಇರುತ್ತದೆ, ತಾನು ಬಕೆಟ್ಟಿನ ನೀರಲ್ಲಿ. ಅವಳಿಗೆ ಅಳು ಬರಲಿಲ್ಲ, ಉರಿ ಬಂತು.

ಗಂಡ ಕಚೇರಿಯ ಮುಂದೆ ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಹೊಡೆದುಕೊಡುವವನು. ಅವನ ಚೀಲದಲ್ಲಿ ಬೇರೆ ಜಾತಿಯ ಕಾರ್ಬನ್ ಇರುತ್ತಿತ್ತು. ಎಣ್ಣೆ ಜಿಡ್ಡಿನ ಆ ನೀಲಿ ಬಣ್ಣ ಬಟ್ಟೆಗೆ ಹತ್ತಿದರೆ ಬಟ್ಟೆ ಹರಿದರೂ ಹೋಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಅವನ ಅಂಗಿಯ ತೋಳು ಉಜ್ಜಿ ಉಜ್ಜಿ ಸೋತವಳು ಅವಳು. ಆ ಕಾರ್ಬನ್ ಗೆರೆಯ ಮೇಜಿನ ಹತ್ತಿರ ಸುಳಿಯಬಾರದೆಂದು ಅತ್ತೆ ಆಗಲೇ ತಾಕೀತು ಮಾಡಿದ್ದರು.

"ರೀ, ನಿಮ್ಮ ಹಳೇ ಕಾರ್ಬನ್ ಇದ್ರೆ ಕೊಡಿ."

"ಯಾಕೆ? ನಿಂದೇ ಇದೆಯಲ್ಲ."

"ಕೇಳಿದ್ದು ಕೊಡೋದು ಯಾವಾಗ ಕಲೀತೀರಿ ನೀವು?"

ದಿನವಿಡೀ ಊರವರ ತಕರಾರುಗಳನ್ನು ಟೈಪು ಮಾಡಿ ಬಂದವನಿಗೆ ಮನೆಯಲ್ಲೊಂದು ತಕರಾರು ಎಬ್ಬಿಸುವ ತ್ರಾಣ ಇರಲಿಲ್ಲ. ಕೊಟ್ಟ. ಅವಳು ಹೊಸದನ್ನು ಬಿಟ್ಟು, ಅರ್ಜಿಗಳ ಅಕ್ಷರ ಬಿದ್ದು ಬಿದ್ದು ಶಾಯಿ ಕಮ್ಮಿಯಾದ ಹಾಳೆಗಳನ್ನೇ ಆರಿಸಿಕೊಂಡಳು. ಹೊಸದು ಬಟ್ಟೆಗೆಲ್ಲ ಮೆತ್ತುತ್ತದೆ. ಹಳೆಯದು ಕೂದಲೆಳೆಯಷ್ಟು ತೆಳ್ಳಗೆ, ದರ್ಜಿ ಕಾರ್ಬನ್ನಿನಂತೆಯೇ ಕಾಣುವ ಹಾಗೆ ಬೀಳುತ್ತದೆ.

ಅವಳ ಲೆಕ್ಕ ಹೀಗಿತ್ತು. ಕೌದಿಯ ಹೊಲಿಗೆ ಓಡುಹೊಲಿಗೆ. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಒಂದು ಹೊಲಿಗೆಗೂ ಇನ್ನೊಂದಕ್ಕೂ ನಡುವೆ ಅಕ್ಕಿಕಾಳಿನಷ್ಟು ಸಂದಿ. ಆ ಸಂದಿಯಲ್ಲೆಲ್ಲ ತನ್ನ ನೀಲಿ ಗೆರೆ ಇಣುಕಬೇಕು. ತೊಳೆದರೂ ಹೋಗಬಾರದು. ಆಗ ನೋಡುವ ಕಣ್ಣಿರುವವರಿಗೆ ಗೊತ್ತಾಗುತ್ತದೆ, ಹೊಲಿಗೆ ಯಾರ ಬೆನ್ನ ಹಿಂದೆ ನಡೆದು ಬಂದಿದೆ ಎಂದು. ಯಾರಾದರೂ ಕೇಳಿದರೆ ಕಾರ್ಬನ್ ಅದಲುಬದಲಾಯಿತು ಎಂದರಾಯಿತು. ಕೌದಿಯನ್ನು ಹಾಳು ಮಾಡುವುದು ಅವಳ ಮನಸ್ಸಿನಲ್ಲಿ ಖಂಡಿತ ಇರಲಿಲ್ಲ. ತನ್ನ ಗೆರೆ ಕಂಡರೆ ಕೌದಿ ಇನ್ನೂ ಚೆಂದವಾಗುತ್ತದೆ ಎಂದೇ ಅವಳು ನಂಬಿದ್ದಳು.

ಮಧ್ಯಾಹ್ನ ಅತ್ತೆ ಕುರ್ಚಿಯಲ್ಲೇ ತೂಕಡಿಸುವ ಹೊತ್ತಿಗೆ ಕೆಲಸ ಶುರುವಾಯಿತು. ಬಟ್ಟೆಯನ್ನು ನಾಲ್ಕಾಗಿ ಮಡಿಸಿ ಉಗುರಿನಿಂದ ಗೀರಿ ನಡುಮಧ್ಯ ಹಿಡಿದಳು. ಮೇಜಿನ ಮೇಲೆ ಸುಕ್ಕಿಲ್ಲದೆ ಹರಡಿ, ಅಂಚಿಗೆ ಕ್ಲಿಪ್ಪು ಹಾಕಿದಳು. ಕಾರ್ಬನ್ ಕವುಚಿ, ಅದರ ಮೇಲೆ ಹಳೆಯ ಸುರುಳಿಯ ನಕ್ಷೆ ಇಟ್ಟು, ನಾಲ್ಕು ಮೂಲೆಗೆ ಇಸ್ತ್ರಿಪೆಟ್ಟಿಗೆ, ಕಲ್ಲು, ಕತ್ತರಿ, ಉಪ್ಪಿನ ಭರಣಿ ಹೇರಿದಳು. ಶಾಯಿ ಮುಗಿದ ಪೆನ್ನಿನಿಂದ ನಕ್ಷೆಯ ಗೆರೆಯ ಮೇಲೆ ಒತ್ತಿ ಒತ್ತಿ ತೀಡುತ್ತ ಹೋದಳು. ಒಂದು ತುಂಡು ಮುಗಿದರೆ ನಕ್ಷೆಯನ್ನು ಸರಿಸಿ, ಬಳ್ಳಿಯ ಬಾಲಕ್ಕೆ ಬಳ್ಳಿಯ ತಲೆ ಕೂಡಿಸಿ ಮುಂದಿನದು. ಆ ದಿನಗಳಲ್ಲಿ ಅವಳು ಹಾಡಿಕೊಳ್ಳುತ್ತಿದ್ದಳು. ಅಷ್ಟು ಖುಷಿಯಾಗಿ ಅವಳು ಗೆರೆ ಹಾಕಿ ಎಷ್ಟೋ ವರ್ಷವಾಗಿತ್ತು.

ಬಟ್ಟೆ ಚೌಕಟ್ಟಿಗೆ ಹೋಯಿತು. ಚಿಕ್ಕವಳು ಹೊಲಿದಳು. ಎಂದಿನಂತೆ ಗೆರೆಯಕ್ಕ ಆ ಕಡೆ ತಲೆ ಹಾಕಲಿಲ್ಲ. ಒಂದೆರಡು ಸಲ ಚಿಕ್ಕವಳು ಬಾಗಿಲಿಗೆ ಬಂದು, ಏನೋ ಹೇಳಬೇಕೆನ್ನುವ ಹಾಗೆ ನಿಂತು, "ಟೀ ಕುಡಿದ್ರಾ ಅಕ್ಕ?" ಎಂದು ಕೇಳಿ ವಾಪಸು ಹೋದಳು. ಹೊಗಳಿಸಿಕೊಳ್ಳೋಕೆ ಬಂದಿದ್ದಾಳೆ ಎಂದುಕೊಂಡು ಗೆರೆಯಕ್ಕ ತಲೆಯೆತ್ತಲಿಲ್ಲ.

ಕೊನೆಗೆ ತೊಳೆಯುವ ದಿನ ಬಂತು. ಆ ದಿನ ಮಾತ್ರ ಗೆರೆಯಕ್ಕ ಎಲ್ಲರಿಗಿಂತ ಮೊದಲು ತಾರಸಿಗೆ ಹೋಗಿ, ಮೆಟ್ಟಿಲ ಬಾಗಿಲಿನ ನೆರಳಲ್ಲಿ ಮಣೆ ಹಾಕಿಕೊಂಡು ಕೂತಳು. ಆ ತುದಿಯಲ್ಲಿ ಚಿಕ್ಕವಳು ದೊಡ್ಡ ಟಬ್ಬಿನ ಮುಂದೆ ಕೂತು ಕೌದಿಯನ್ನು ಅದ್ದಿ ಅದ್ದಿ ತೆಗೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

"ಅಕ್ಕಾ, ಗೆರೆ ಹೋಗ್ತಾ ಇಲ್ಲ."

"ಹೋಗುತ್ತೆ ಬಿಡೇ. ಇನ್ನೊಂದು ನೀರು ತೋರಿಸು."

ಇನ್ನೊಂದು ನೀರೂ ಆಯಿತು, ಮತ್ತೊಂದೂ ಆಯಿತು. ಚಿಕ್ಕವಳು ಕೆಳಗಿದ್ದ ತನ್ನ ಗಂಡನನ್ನು ಕೂಗಿ ಮೇಲಕ್ಕೆ ಕರೆದಳು. ಇಬ್ಬರೂ ಸೇರಿ ಭಾರದ ಕೌದಿಯನ್ನು ಎತ್ತಿ ಹಗ್ಗದ ಮೇಲೆ ಹರಡಿದರು. ನೀರು ಸುರಿಯುತ್ತ ಅದು ಬಿಸಿಲಿಗೆ ಬಿಚ್ಚಿಕೊಂಡಿತು. ಗೆರೆಯಕ್ಕ ತನ್ನ ಗೆಲುವನ್ನು ನೋಡಲು ತಲೆಯೆತ್ತಿದಳು. ಅವಳ ಕಣ್ಣಿಗೆ ಹತ್ತಿರದ್ದು ಮಸುಕಾಗಿದ್ದರೂ ದೂರದ್ದು ಚೆನ್ನಾಗಿ ಕಾಣುತ್ತಿತ್ತು.

ಹಗ್ಗದ ಮೇಲೆ ಎರಡು ಬಳ್ಳಿಗಳಿದ್ದವು. ಒಂದು ಬಿಳಿ ದಾರದ್ದು, ಒಂದು ನೀಲಿ ಗೆರೆಯದ್ದು. ಎರಡೂ ಬೇರೆಬೇರೆ ದಾರಿ ಹಿಡಿದಿದ್ದವು.

ಮೊದಲು ಗೆರೆಯಕ್ಕನಿಗೆ ಆದದ್ದು ಸಂತೋಷ. ಅಯ್ಯೋ, ಇವಳು ನನ್ನ ಗೆರೆ ಬಿಟ್ಟು ಹೊಲಿದಿದ್ದಾಳೆ! ಸಿಕ್ಕಿಬಿದ್ದಳು! ಇಷ್ಟು ವರ್ಷ 'ಅಕ್ಕ ಹಾಕಿದ ಗೆರೆ ಮೇಲೆ ಹೋಗ್ತೀನಿ' ಅಂತ ಹೇಳಿದ್ದೆಲ್ಲ ಸುಳ್ಳು! ಮಣೆಯಿಂದ ಎದ್ದು ನಿಂತೇಬಿಟ್ಟಳು. ಬಯ್ಯಲು ಬಾಯಿ ತೆರೆದಳು.

ಆಮೇಲೆ ಸರಿಯಾಗಿ ನೋಡಿದಳು. ಬಿಳಿ ಬಳ್ಳಿ ಒಂದೇ ಉಸಿರಿನಲ್ಲಿ ಬರೆದ ಹಾಗೆ ನಾಲ್ಕೂ ಅಂಚು ಸುತ್ತಿ ಬಂದು ತನ್ನ ಬಾಲವನ್ನು ತಾನೇ ಸೇರಿತ್ತು. ನೀಲಿ ಬಳ್ಳಿ ಅದರ ಪಕ್ಕದಲ್ಲಿ ತೂರಾಡುತ್ತಿತ್ತು. ಒಮ್ಮೆ ಒಳಗೆ, ಒಮ್ಮೆ ಹೊರಗೆ. ಎಲೆಯ ತುದಿ ಚೂಪಾಗಬೇಕಾದಲ್ಲಿ ಮೊಂಡಾಗಿತ್ತು. ಗರಿಗಳು ಒಂದರ ಮೇಲೊಂದು ಹತ್ತಿದ್ದವು. ಮೂಲೆಯಲ್ಲಿ ಬಳ್ಳಿಯ ತಲೆ ಬಾಲಕ್ಕೆ ಸೇರದೆ ಹೆಬ್ಬೆರಳ ಅಗಲದಷ್ಟು ಆಚೆ ಗಾಳಿಯಲ್ಲಿ ನಿಂತಿತ್ತು. ಬಿಳಿ ಹೊಲಿಗೆ ಆ ಸಂದನ್ನು ತಾನೇ ದಾಟಿ, ತಾನೇ ಕೂಡಿಸಿತ್ತು.

ಅತ್ತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ನೋಡಿದರು. "ಇದ್ಯಾರೇ ಹಾಕಿದ್ದು ಈ ಗೆರೆ? ಇರುವೆಗೆ ಹೆಂಡ ಕುಡಿಸಿ ಬಿಟ್ಟ ಹಾಗಿದೆ!"

ಗೆರೆ ಹಾಕುವವಳು ಆ ಮನೆಯಲ್ಲಿ ಒಬ್ಬಳೇ. ಅತ್ತೆಗೆ ಅದು ಹೊಳೆದದ್ದು ಮಾತು ಬಾಯಿಂದ ಬಿದ್ದ ಮೇಲೆ. ಆ ಹೆಂಗಸು ತಮ್ಮ ಜೀವಮಾನದಲ್ಲಿ ಮೊದಲ ಸಲ ತಮ್ಮ ಮಾತಿಗೆ ತಾವೇ ನಾಚಿ, ಮಗನನ್ನು ಕರೆದುಕೊಂಡು, ಸೋಪಿನ ಪುಡಿ ಹುಡುಕುವ ನೆಪದಲ್ಲಿ ಕೆಳಗಿಳಿದರು.

ಗೆರೆಯಕ್ಕ ಹತ್ತಿರ ಹೋದಳು. ಹತ್ತಿರ ಹೋದಷ್ಟೂ ಎಲ್ಲ ಮಸುಕಾಗಿ, ನೀಲಿಯೂ ಬಿಳಿಯೂ ಒಂದೇ ಆಗಿ, ತನ್ನ ಗೆರೆ ಸರಿಯಾಗಿಯೇ ಇರುವಂತೆ ಕಂಡಿತು. ನಾಲ್ಕು ಹೆಜ್ಜೆ ಹಿಂದೆ ಬಂದಳು. ಮತ್ತೆ ಡೊಂಕು.

"ಎಷ್ಟು ದಿನದಿಂದ ಹೀಗೆ?"

"ಬಿಡಿ ಅಕ್ಕ."

"ಹೇಳೇ."

ಚಿಕ್ಕವಳು ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ನಿಂತಳು. "ನಮ್ಮ ದೊಡ್ಡ ಹುಡುಗಿ ಶಾಲೆಗೆ ಸೇರಿದ ವರ್ಷದಿಂದ. ಮೊದಮೊದಲು ಇಷ್ಟಿರಲಿಲ್ಲ."

ಆ ಹುಡುಗಿ ಈಗ ಗುಣಾಕಾರ ಭಾಗಾಕಾರ ಮಾಡುತ್ತಿದ್ದಳು. ಅಂದಿನಿಂದ ಇಂದಿನವರೆಗೆ ಈ ಹಗ್ಗದ ಮೇಲೆ ಒಣಗಿದ ಕೌದಿಗಳೆಲ್ಲ ಗೆರೆಯಕ್ಕನ ಕಣ್ಣ ಮುಂದೆ ಬಂದವು. ಡಾಕ್ಟರಮ್ಮನ ನೀಲಿ ಕೌದಿ. ಬಣ್ಣದವನ ಮಗಳ ಮದುವೆಯ ಕೆಂಪು ಕೌದಿ. 'ಗೆರೆ ಹಾಗಿತ್ತು, ಅದಕ್ಕೇ ಹೊಲಿಗೆ ಹೀಗಿದೆ' ಎಂದು ಈ ಮೆಟ್ಟಿಲಲ್ಲೇ ನಿಂತು ಬೀಗಿದ್ದೆಲ್ಲ.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಗೆರೆ ಹಾಕೋದೇ ಬಿಟ್ಬಿಡ್ತಿದ್ರಿ. ನಂಗೆ ಗೆರೆ ಹಾಕೋಕೆ ಬರಲ್ಲ ಅಕ್ಕ. ಖಾಲಿ ಬಟ್ಟೆ ನೋಡಿದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ತಿಳಿಯಲ್ಲ. ನೀವು ಹಾಕಿದ್ದು ನೋಡಿದ್ರೆ ಅದು ಎಲ್ಲಿಗೆ ಹೋಗಬೇಕು ಅಂತಿದೆ ಅನ್ನೋದು ಗೊತ್ತಾಗುತ್ತೆ. ನಾನು ಅಲ್ಲಿಗೆ ಹೋಗ್ತೀನಿ ಅಷ್ಟೆ."

ಇಂಥ ಮಾತು ಕೇಳಿದರೆ ಯಾರ ಮನಸ್ಸಾದರೂ ಕರಗಬೇಕು. ಗೆರೆಯಕ್ಕನದು ಕರಗಲಿಲ್ಲ. ಕಾರ್ಬನ್ ವಿಷಯ ಚಿಕ್ಕವಳು ಕೇಳಬಹುದಿತ್ತು, ಕೇಳಲಿಲ್ಲ; ಕೇಳಿದ್ದರೆ ಜಗಳವಾಡಿ ಸ್ವಲ್ಪ ಉಸಿರಾಡಬಹುದಿತ್ತು. ಇಷ್ಟು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು, ಎದುರಿಗೆ ಕೂತು ಉಂಡು, ಟೀ ಕುಡಿದ್ರಾ ಅಕ್ಕ ಎಂದು ಕೇಳಿಕೊಂಡು ಇದ್ದಳಲ್ಲ ಈ ಹೆಣ್ಣು! ತನ್ನ ಹೊಟ್ಟೆಯಲ್ಲಿ ಒಂದು ಮಾತು ಒಂದು ಹಗಲು ನಿಲ್ಲುವುದಿಲ್ಲ. ಹೊಲಿಗೆಯಲ್ಲಿ ಗೆದ್ದದ್ದು ಸಾಲದು ಎಂದು ಒಳ್ಳೆಯತನದಲ್ಲೂ ಗೆದ್ದಿದ್ದಾಳೆ. ಇನ್ನು ಇವಳಲ್ಲಿ ಹೊಟ್ಟೆಕಿಚ್ಚು ಪಡದೆ ಉಳಿದದ್ದು ಏನಿದೆ?

ಸೋಪಿನ ಪುಡಿ, ಹುಳಿ, ಬಿಸಿನೀರು, ಬಿಸಿಲು, ಎಲ್ಲ ಮಾಡಿದರು. ನೀಲಿ ಮಿಸುಕಲಿಲ್ಲ. ಇನ್ನೊಂದು ಕೌದಿ ಹೊಲಿಯಲು ಸಮಯವಿರಲಿಲ್ಲ. ಹೇಳಿದ ದಿನಕ್ಕೆ ಟೀಚರ್ ಬಂದೇಬಿಟ್ಟರು.

ಕೌದಿಯನ್ನು ಗೆರೆಯಕ್ಕನ ಮೇಜಿನ ಮೇಲೆಯೇ ಹರಡಿದ್ದರು. ಅತ್ತೆ, "ಏನೋ ಕೈತಪ್ಪಾಗಿದೆ ಮೇಡಂ, ಬೇರೆ ಮಾಡಿಕೊಡ್ತೀವಿ" ಎಂದು ಶುರುಮಾಡಿದರು. ಟೀಚರ್ ಕೈ ಎತ್ತಿ ಸುಮ್ಮನಾಗಿಸಿದರು. ಕೌದಿಯ ಸುತ್ತ ಒಂದು ಸುತ್ತು ಬಂದರು. ಬೆರಳನ್ನು ಮೊದಲು ನೀಲಿ ಗೆರೆಯ ಮೇಲೆ ಆಡಿಸಿದರು, ಆಮೇಲೆ ಬಿಳಿ ಹೊಲಿಗೆಯ ಮೇಲೆ. ಮೂಲೆಯಲ್ಲಿ, ಬಳ್ಳಿ ಸೇರದೆ ಉಳಿದ ಕಡೆ, ಬೆರಳು ಬಹಳ ಹೊತ್ತು ನಿಂತಿತು.

"ಬೇರೆ ಬೇಡ. ಇದೇ ಇರಲಿ" ಎಂದರು. "ನಮ್ಮ ಹುಡುಗಿಯರದ್ದು ಒಂದೇ ಚಾಳಿ. ಗೆರೆ ಹಳ್ಳಕ್ಕೆ ಹೋದ್ರೆ ಸೂಜೀನೂ ಹಳ್ಳಕ್ಕೇ ಹೋಗುತ್ತೆ. ಗೆರೆ ತಪ್ಪಿದಾಗ ಕೈ ಏನು ಮಾಡಬೇಕು ಅಂತ ಬಾಯಲ್ಲಿ ಹೇಳಿ ಹೇಳಿ ನಂಗೆ ಸಾಕಾಗಿದೆ. ಇದನ್ನ ಗೋಡೆಗೆ ಹಾಕಿ ತೋರಿಸ್ತೀನಿ." ಚೀಲದಿಂದ ಪೆನ್ನು, ಕಾಗದ ತೆಗೆದರು. "ಹೊಲಿಗೆ ಇವರದ್ದು, ಗೊತ್ತು. ಗೆರೆ ಯಾರದ್ದು?"

ಅತ್ತೆ ತೊಲೆ ನೋಡತೊಡಗಿದರು. ತಪ್ಪು ಗೆರೆ ಹೇಗಿರುತ್ತದೆ ಎಂದು ತೋರಿಸಲು ಗೋಡೆಗೆ ಹಾಕುತ್ತಾರಂತೆ, ಕೆಳಗೆ ಹೆಸರು ಬೇರೆ! ಅಂಥದ್ದಕ್ಕೆ ಕೊರಳೊಡ್ಡುವವರು ಯಾರು?

"ಅದೂ ನಂದೇ ಮೇಡಂ" ಎಂದಳು ಚಿಕ್ಕವಳು. ಸ್ವಲ್ಪವೂ ತಡವರಿಸಲಿಲ್ಲ. "ಈ ಸಲ ಅಕ್ಕನಿಗೆ ಹುಷಾರಿರಲಿಲ್ಲ. ನಾನೇ ಹಾಕ್ದೆ. ನಂಗೆ ಗೆರೆ ಹಾಕೋಕೆ ಬರಲ್ಲ ಅನ್ನೋದು ಕಾಣ್ತಿದೆಯಲ್ಲ." ನಕ್ಕಳು.

ಗೆರೆಯಕ್ಕ ಮಾಡಬೇಕಾದದ್ದು ಇಷ್ಟೇ: ಸುಮ್ಮನಿರುವುದು. ಬುದ್ಧಿ ಇರುವ ಯಾವ ಹೆಂಗಸಾದರೂ ಆಗ ಅಡುಗೆಮನೆಗೆ ಹೋಗಿ ಟೀಗೆ ನೀರಿಡುತ್ತಿದ್ದಳು. ಗೆರೆಯಕ್ಕ ಆ ಕಡೆ ಒಂದು ಹೆಜ್ಜೆ ಇಟ್ಟದ್ದೂ ನಿಜ. ಹೋಗುತ್ತ ತಿರುಗಿ ನೋಡಿದಳು. ಟೀಚರ್ ಬರೆಯುತ್ತಿದ್ದರು, ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು: "ಗೆರೆ ಮತ್ತು ಹೊಲಿಗೆ..." ಮುಂದೆ ಚಿಕ್ಕವಳ ಹೆಸರು. ಎರಡಕ್ಕೂ ಸೇರಿಸಿ ಒಂದೇ ಹೆಸರು.

"ನಿಲ್ಸಿ!"

ಆ ಕೂಗಿಗೆ ಕೆಳಗೆ ಬಣ್ಣದವನು ಸಹ ತಲೆಯೆತ್ತಿ ನೋಡಿದನಂತೆ. ಗೆರೆಯಕ್ಕ ಮೇಜಿನ ಹತ್ತಿರ ಬಂದು ಓರಗಿತ್ತಿಯ ಮುಖಕ್ಕೆ ಮುಖ ಕೊಟ್ಟು ನಿಂತಳು. ಪಶ್ಚಾತ್ತಾಪ, ಪ್ರೀತಿ, ಸತ್ಯ, ಅಂಥ ದೊಡ್ಡ ಮಾತೇನೂ ಅಲ್ಲಿರಲಿಲ್ಲ. ಇದ್ದದ್ದು ಅದೇ ಹಳೆಯ ಉರಿ, ಶುದ್ಧ ಉರಿ.

"ಏನೇ, ಅದನ್ನೂ ನೀನೇ ತಗೊಳ್ತೀಯಾ? ಎಲ್ಲಾ ತಗೊಂಡೆ, ಆಯ್ತು. ಅದೊಂದನ್ನ ಬಿಡು ನಂಗೆ."

"ಅಕ್ಕ, ಸುಮ್ನಿರಿ..."

"ನೀನು ಸುಮ್ನಿರು." ಟೀಚರ ಕಡೆ ತಿರುಗಿದಳು. "ಗೆರೆ ನಂದು ಮೇಡಂ. ಆ ಡೊಂಕೆಲ್ಲಾ ನಂದೇ. ಕಣ್ಣು ಕಾಣದೆ ಹಾಕಿದ್ದು. ಕಾರ್ಬನ್ ಬೇರೆ ಬಳಸಿದ್ದೂ ನಾನೇ, ಬೇಕು ಅಂತಾನೇ. ಅದನ್ನ ಹೊಡೆದುಹಾಕಿ, ಸರಿಯಾಗಿ ಬರ್ಕೊಳ್ಳಿ."

ಟೀಚರ್ ಬರೆದದ್ದನ್ನು ಹೊಡೆದುಹಾಕಿ, ಪೆನ್ನು ಹಿಡಿದು ಕಾದರು. ಗೆರೆಯಕ್ಕ ತನ್ನ ಹೆಸರು ಹೇಳಿದಳು, ಜೊತೆಗೆ ಅಪ್ಪನ ಹೆಸರನ್ನೂ ಹೇಳಿದಳು. ಟೀಚರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನಿಸಿ, ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದಳು.